ಮೈ ನವೆ, ಬಿಡದ ಕೆಮ್ಮು ಮತ್ತು ನಮ್ಮ ಬೇಲಿ ಬದಿಯ ಗಿಡ

(ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ನಿವೃತ್ತ ಹಿರಿಯ ಆರೋಗ್ಯ ಸಹಾಯಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಹಳ್ಳಿಯಲ್ಲಿ ಒಂದು ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆಯೋದು ಸಣ್ಣ ಮಾತಲ್ಲ. ಮಳೆ ಇರಲಿ, ಚಳಿ ಇರಲಿ, ಹಬ್ಬ ಇರಲಿ, ಸಾವಿರಲಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಇಲ್ಲಿ ಹಾಲು ಅಳೆದಿದ್ದೀರಿ. ಆ ಹಾಲಿನ ದುಡ್ಡಿನಲ್ಲಿ ಮಕ್ಕಳು ಓದಿದ್ದಾರೆ, ಮನೆಗೆ ತಾರಸಿ ಬಿದ್ದಿದೆ, ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂದಿದೆ. ಇದಕ್ಕೆ ದುಡಿದ ಎಲ್ಲರಿಗೂ ನನ್ನ ಅಭಿನಂದನೆ.

ಇಂಥ ಸಂತೋಷದ ದಿನ ಕಾಯಿಲೆ ಕಸಾಲೆ ಮಾತು ಯಾಕೆ ಅಂತ ನಾನು ಕಾರ್ಯದರ್ಶಿಗಳನ್ನು ಕೇಳಿದೆ. "ಸಾರ್, ಇವತ್ತಾದರೆ ಎಲ್ಲರೂ ಒಂದು ಕಡೆ ಸೇರಿರ್ತಾರೆ. ಆರೋಗ್ಯ ಶಿಬಿರ ಅಂತ ಬೇರೆ ದಿನ ಕರೆದರೆ ಹತ್ತು ಜನ ಬರಲ್ಲ" ಅಂದರು. ಅವರ ಮಾತು ನಿಜ. ಅದಕ್ಕೇ ಒಪ್ಪಿಕೊಂಡು ಬಂದೆ.

ನಾನು ಡಾಕ್ಟರಲ್ಲ. ಆರೋಗ್ಯ ಇಲಾಖೆಯಲ್ಲಿ ಮನೆಮನೆ ತಿರುಗಿ ನೌಕರಿ ಮಾಡಿ ನಿವೃತ್ತನಾದವನು. ಜ್ವರ ಬಂದವರ ರಕ್ತ ತೆಗೆದದ್ದು, ಮಕ್ಕಳಿಗೆ ಲಸಿಕೆ ಹಾಕಿಸಿದ್ದು, ಕ್ಷಯದ ಮಾತ್ರೆ ತಲುಪಿಸಿದ್ದು, ಇಷ್ಟೇ ನನ್ನ ಕೆಲಸ. ಹಾಗೆ ತಿರುಗುವಾಗ ಪ್ರತಿ ಊರಿನಲ್ಲೂ ಎರಡು ದೂರು ಕೇಳಿದ್ದೇನೆ. ಒಂದು, "ಮೈ ನವೆ ಸಾರ್, ಏನು ಹಚ್ಚಿದರೂ ಹೋಗ್ತಿಲ್ಲ". ಇನ್ನೊಂದು, "ಕೆಮ್ಮು ಸಾರ್, ತಿಂಗಳಾಯ್ತು ಬಿಡ್ತಿಲ್ಲ". ಈ ಎರಡನ್ನೂ ಜನ ಬೇರೆ ಬೇರೆಯಾಗಿಯೇ ಹೇಳುತ್ತಾರೆ. ನವೆಗೆ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬು, ಕೆಮ್ಮಿಗೆ ಒಂದು ಬಾಟಲಿ ಟಾನಿಕ್ಕು. ಎರಡೂ ಒಬ್ಬನೇ ಮನುಷ್ಯನಿಗೆ, ಒಂದೇ ಕಾಲದಲ್ಲಿ, ವರ್ಷ ವರ್ಷ ಬರುತ್ತಿದ್ದರೆ ಆ ಎರಡಕ್ಕೂ ಒಂದೇ ಬೇರು ಇರಬಹುದಲ್ಲವೇ? ಅಂಥ ಒಂದು ಬೇರು ನಿಮ್ಮ ಬೇಲಿ ಬದಿಯಲ್ಲೇ ಇದೆ. ಹಳ್ಳಿಯಲ್ಲಿ ಅದನ್ನು ಕಾಂಗ್ರೆಸ್ ಗಿಡ ಅಂತೀವಿ. ಪುಸ್ತಕದ ಹೆಸರು ಪಾರ್ಥೇನಿಯಂ.

ಇವತ್ತು ಈ ಗಿಡದ ವಿಚಾರ ಹೇಳುತ್ತೇನೆ. ಹಾಗೆಯೇ ಗಿಡದ ಮೇಲೆ ಗೂಬೆ ಕೂರಿಸಿ ನಿಜವಾದ ಕಾಯಿಲೆಯನ್ನು ಮರೆಯಬಾರದು, ಅದನ್ನೂ ಹೇಳುತ್ತೇನೆ.

ಎಲ್ಲಿಂದ ಬಂತು ಈ ಗಿಡ?

ಇದು ನಮ್ಮ ನೆಲದ ಗಿಡವಲ್ಲ. ಮೆಕ್ಸಿಕೋ ಮತ್ತು ಅದರ ಸುತ್ತಿನ ಅಮೆರಿಕದ ಬಿಸಿ ಪ್ರದೇಶ ಇದರ ತವರು. ನಮ್ಮ ದೇಶದಲ್ಲಿ 1950ರ ದಶಕದ ಮಧ್ಯದಲ್ಲಿ ಪುಣೆಯ ಕಡೆ ಇದನ್ನು ಗುರುತಿಸಿದರು. ಆ ಕಾಲದಲ್ಲಿ ಆಹಾರದ ಅಭಾವವಿತ್ತು, ಅಮೆರಿಕದಿಂದ ಗೋಧಿ ತರಿಸುತ್ತಿದ್ದರು, ಆ ಗೋಧಿಯ ಜೊತೆ ಬೀಜ ಬಂತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬಿಳಿ ಟೋಪಿಯಂಥ ಹೂವು ಬಿಡುವುದರಿಂದ ಕಾಂಗ್ರೆಸ್ ಗಿಡ ಎಂಬ ಹೆಸರು ಬಂತು ಅಂತ ಹಿರಿಯರು ಹೇಳುವುದುಂಟು. ಹೆಸರು ಹೇಗೇ ಬಂದಿರಲಿ, ಈ ಗಿಡಕ್ಕೆ ಪಕ್ಷ ಪಂಗಡ ಇಲ್ಲ, ಎಲ್ಲರ ಹೊಲದಲ್ಲೂ ಬರುತ್ತದೆ!

ಎಲೆ ನೋಡಿದರೆ ಕ್ಯಾರೆಟ್ ಗಿಡದ ಎಲೆ ಹಾಗೆ. ಎತ್ತರ ಎದೆಮಟ್ಟ, ಗೊಬ್ಬರದ ನೆಲವಾದರೆ ಇನ್ನೂ ಹೆಚ್ಚು. ಮೊಳೆತ ನಾಲ್ಕರಿಂದ ಆರು ವಾರಕ್ಕೆಲ್ಲ ಹೂವು. ಒಂದೊಂದು ಗಿಡ 10,000ದಿಂದ 25,000 ಬೀಜ ಉದುರಿಸುತ್ತದೆ. ಬೀಜವೋ ಎಳ್ಳಿಗಿಂತ ಸಣ್ಣದು. ಗಾಳಿಯಲ್ಲಿ, ನೀರಿನಲ್ಲಿ, ಟ್ರ್ಯಾಕ್ಟರ್ ಚಕ್ರದ ಮಣ್ಣಿನಲ್ಲಿ, ಕೊಂಡು ತಂದ ಹುಲ್ಲಿನಲ್ಲಿ, ತಿಪ್ಪೆ ಗೊಬ್ಬರದಲ್ಲಿ ಊರಿಂದೂರಿಗೆ ಹೋಗುತ್ತದೆ. ಮಣ್ಣಿನಲ್ಲಿ ಹೂತು ಕೂತರೆ ವರ್ಷಗಟ್ಟಲೆ ಸಾಯುವುದಿಲ್ಲ.

ಪುಣೆಯ ವೈದ್ಯರು 1960ರ ದಶಕದ ಕೊನೆಯ ಹೊತ್ತಿಗೆ ಈ ಗಿಡದಿಂದ ಚರ್ಮದ ಕಾಯಿಲೆ ಬರುತ್ತಿರುವುದನ್ನು ಗುರುತಿಸಿ ಬರೆದರು. ನಮ್ಮ ಸರ್ಕಾರ 1975ರಲ್ಲಿ, 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಇದನ್ನು ಪೀಡೆ ಎಂದು ಸಾರಿತು. ಅಂದರೆ ತನ್ನ ಜಮೀನಿನಲ್ಲಿ ಇದನ್ನು ಬೆಳೆಯಲು ಬಿಡುವುದು ಕಾನೂನಿಗೆ ಒಪ್ಪುವ ಕೆಲಸವಲ್ಲ. ಕಾಯ್ದೆ ಬಂದು ಅರ್ಧ ಶತಮಾನ ಆಯಿತು. ಗಿಡ ಮಾತ್ರ ಹಾಗೇ ಇದೆ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೈಗೆ ಏನು ಮಾಡುತ್ತದೆ?

ಗಿಡದ ಮೈಮೇಲೆ ಕಣ್ಣಿಗೆ ಕಾಣದಂಥ ಸಣ್ಣ ರೋಮಗಳಿವೆ. ಅದರಲ್ಲಿ ಪಾರ್ಥೇನಿನ್ ಎಂಬ ಕಹಿ ವಸ್ತು ಇದೆ. ಗಿಡ ಒಣಗಿದ ಮೇಲೂ ಅದರ ಗುಣ ಹೋಗುವುದಿಲ್ಲ. ಒಣಗಿದ ಎಲೆ, ಹೂವು, ರೋಮ ಪುಡಿಯಾಗಿ ಗಾಳಿಯಲ್ಲಿ ತೇಲಿ ಬರುತ್ತವೆ. ಆದ್ದರಿಂದ ಕೈಯಲ್ಲಿ ಮುಟ್ಟದವನಿಗೂ ತೊಂದರೆ.

ಈ ನವೆಯ ಗುರುತು ಏನು? ಬಟ್ಟೆ ಮುಚ್ಚದ ಜಾಗ ಮತ್ತು ಮೈ ಮಡಿಚುವ ಜಾಗ. ಕಣ್ಣಿನ ರೆಪ್ಪೆ, ಮುಖ, ಕಿವಿಯ ಹಿಂದೆ, ಕತ್ತಿನ ಸುತ್ತ, ಮೊಣಕೈ ಒಳಬದಿ, ಮಂಡಿಯ ಹಿಂದೆ, ಮುಂಗೈ. ಮೊದಲು ಕೆಂಪು ಗಂಧೆ, ನೀರು ಸೋರುವ ಗುಳ್ಳೆ. ಕೆರೆದೂ ಕೆರೆದೂ ವರ್ಷ ಕಳೆದರೆ ಚರ್ಮ ಕಪ್ಪಾಗಿ ದಪ್ಪಗಾಗಿ ಗೆರೆ ಬೀಳುತ್ತದೆ. ಕೆಲವರಿಗೆ ಬಿಸಿಲಿಗೆ ಹೋದರೂ ಉರಿ ತಡೆಯಲಾಗುವುದಿಲ್ಲ. ಗಂಡಸರಲ್ಲಿ ಹೆಚ್ಚು, ಮಕ್ಕಳಲ್ಲಿ ಕಡಿಮೆ ಎಂದು ಚರ್ಮದ ಡಾಕ್ಟರುಗಳು ಹೇಳುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. "ಮೂವತ್ತು ವರ್ಷದಿಂದ ಇದೇ ಗಿಡ ಕಿತ್ತಿದ್ದೀನಿ, ಆಗ ಬರದ ನವೆ ಈಗ ಯಾಕೆ ಬಂತು?" ಒಳ್ಳೆಯ ಪ್ರಶ್ನೆ. ಇದು ವಿಷ ತಾಕಿದ ಹಾಗಲ್ಲ, ಅಲರ್ಜಿ. ಅಂದರೆ ನಮ್ಮ ದೇಹವೇ ಆ ವಸ್ತುವನ್ನು ಶತ್ರು ಎಂದು ಗುರುತು ಇಟ್ಟುಕೊಳ್ಳಬೇಕು. ಆ ಗುರುತು ಇಟ್ಟುಕೊಳ್ಳಲು ಒಬ್ಬರಿಗೆ ಒಂದು ವರ್ಷ ಸಾಕು, ಇನ್ನೊಬ್ಬರಿಗೆ ಇಪ್ಪತ್ತು ವರ್ಷ ಬೇಕು, ಎಷ್ಟೋ ಜನಕ್ಕೆ ಜನ್ಮಪೂರ್ತಿ ಏನೂ ಆಗುವುದಿಲ್ಲ. ಒಮ್ಮೆ ಗುರುತು ಇಟ್ಟುಕೊಂಡರೆ ಮಾತ್ರ ಸುಲಭಕ್ಕೆ ಮರೆಯುವುದಿಲ್ಲ. ಅಣ್ಣನಿಗೆ ಆಗದ್ದು ತಮ್ಮನಿಗೆ ಆಗುವುದು ಇದಕ್ಕೇ.

ಇನ್ನೊಂದು ವಿಷಯ. ಚರ್ಮದ ಅಲರ್ಜಿ ತಡವಾಗಿ ಏಳುತ್ತದೆ. ಸೋಮವಾರ ಹೊಲದ ಬದು ಸವರಿದರೆ ನವೆ ಏಳುವುದು ಮಂಗಳವಾರ ರಾತ್ರಿಯೋ ಬುಧವಾರವೋ. ಅಷ್ಟರಲ್ಲಿ ಮಂಗಳವಾರ ಎಲ್ಲೋ ಬದನೆಕಾಯಿ ಪಲ್ಯ ತಿಂದಿರುತ್ತಾನೆ. ತಪ್ಪೆಲ್ಲ ಬದನೆಕಾಯಿಯ ಮೇಲೆ! ಆಮೇಲೆ ವರ್ಷವೆಲ್ಲ ಪಥ್ಯ. ಬದನೆ ಬಿಟ್ಟೆ, ಮೊಟ್ಟೆ ಬಿಟ್ಟೆ, ಮೀನು ಬಿಟ್ಟೆ, ನವೆ ಮಾತ್ರ ಬಿಡಲಿಲ್ಲ ಅನ್ನುವವರನ್ನು ನೀವೂ ಕಂಡಿದ್ದೀರಿ.

ಕೆಮ್ಮು ಎಲ್ಲಿಂದ?

ಹೂವಿನ ಪರಾಗ ಮೂಗಿಗೆ ಹೋದಾಗ ನಡೆಯುವುದು ಬೇರೆ ರೀತಿಯ ಅಲರ್ಜಿ. ಇದು ತಡ ಮಾಡುವುದಿಲ್ಲ, ನಿಮಿಷಗಳಲ್ಲೇ ತೋರಿಸುತ್ತದೆ. ಸಾಲಾಗಿ ಹತ್ತು ಹದಿನೈದು ಸೀನು, ಮೂಗು ಸೋರುವುದು, ಕಣ್ಣು ಕೆಂಪಾಗಿ ತುರಿಸುವುದು, ಗಂಟಲು ಕೆರೆತ. ಮೂಗಿನ ನೀರು ಹಿಂದಿನಿಂದ ಗಂಟಲಿಗೆ ಇಳಿದು ರಾತ್ರಿಯೆಲ್ಲ ಒಣ ಕೆಮ್ಮು. ಕೆಲವರಿಗೆ ಅದು ಎದೆಗೆ ಇಳಿದು ಉಬ್ಬಸವಾಗುತ್ತದೆ, ಉಸಿರು ಬಿಡುವಾಗ ಸುಯ್ ಸುಯ್ ಅನ್ನುತ್ತದೆ. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನದಲ್ಲಿ, ಅಲ್ಲಿನ ಜನರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಈ ಗಿಡದಿಂದಲೇ ಮೂಗಿನ ಅಲರ್ಜಿ ಇದೆ ಎಂದು ಕಂಡುಬಂತು. ಅದು ಖಾಲಿ ನಿವೇಶನಗಳ ಪಟ್ಟಣದ ಲೆಕ್ಕ. ಗಿಡದ ನಡುವೆಯೇ ದನ ಕಟ್ಟಿ, ಗಿಡದ ಪಕ್ಕದಲ್ಲೇ ಮಲಗುವ ನಾವು ಎಷ್ಟು ಎಚ್ಚರವಾಗಿರಬೇಕು, ನೀವೇ ಯೋಚನೆ ಮಾಡಿ.

ನಾನು ಕೆಲಸ ಮಾಡಿದ ಒಂದು ಊರಿನ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಐವತ್ತು ದಾಟಿದ ರೈತ, ನಾಲ್ಕು ಎಕರೆ ಖುಷ್ಕಿ, ಮೂರು ಹಸು. ಕತ್ತು, ರೆಪ್ಪೆ, ಮೊಣಕೈ ಎಲ್ಲ ಕರಗಟ್ಟಿತ್ತು. ಮುಂಗಾರು ಬಿದ್ದ ಮೇಲೆ ಕೆಮ್ಮು ಹತ್ತಿದರೆ ದೀಪಾವಳಿವರೆಗೂ ಬಿಡುತ್ತಿರಲಿಲ್ಲ. ಬೀಡಿ ಕೆಮ್ಮು ಅಂತ ಮನೆಯವರು ಬೈಯುತ್ತಿದ್ದರು. ನಾಲ್ಕು ವರ್ಷ ಕಂಡಕಂಡ ಮುಲಾಮು ಹಚ್ಚಿದ್ದ. ಇವೆಲ್ಲಕ್ಕಿಂತ ನೋವಿನ ಮಾತು ಅಂದರೆ, ಊರಲ್ಲಿ ಅದನ್ನು ಅಂಟು ರೋಗ ಎಂದು ಎಣಿಸಿದ್ದರು. ಕೆಲವರು ದೊಡ್ಡ ರೋಗ ಅಂತಲೂ ಪಿಸುಗುಟ್ಟಿದರು. ಆತ ತಂದ ಹಾಲನ್ನು ಬೇರೆಯವರ ಹಾಲಿನ ಜೊತೆ ಹಾಕಬೇಡಿ ಎಂದು ಒಬ್ಬರು ತಕರಾರು ತೆಗೆದರು. ಮಗಳನ್ನು ನೋಡಲು ಬಂದವರು ತಿರುಗಿ ಬರಲಿಲ್ಲ. ಮನುಷ್ಯ ಹಸುಗಳನ್ನು ಮಾರುವ ಮಟ್ಟಕ್ಕೆ ಬಂದಿದ್ದ.

ಅವನನ್ನು ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕಳಿಸಿದೆವು. ಮೊದಲು ಕಫ ಪರೀಕ್ಷೆ ಮಾಡಿ ಕ್ಷಯ ಇಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡಿದರು. ಇದಕ್ಕೆ ಪ್ಯಾಚ್ ಟೆಸ್ಟ್ ಅಂತಾರೆ. ಪಾರ್ಥೇನಿಯಂ ಪಟ್ಟಿ ಇದ್ದ ಜಾಗ ಕೆಂಪಾಗಿ ಊದಿತ್ತು. ಊರಿಗೆ ಬಂದು ನೋಡಿದರೆ ಅವನ ಕೊಟ್ಟಿಗೆಯ ಸುತ್ತ, ಮಲಗುವ ಜಗಲಿಯ ಕಿಟಕಿಯ ಕೆಳಗೆ, ಬಟ್ಟೆ ಒಣಗಿಸುವ ಬೇಲಿಯ ಉದ್ದಕ್ಕೂ ಅದೇ ಗಿಡ. ಬೀಡಿ ಬಿಟ್ಟ. ಗಿಡ ಕಿತ್ತಿಸಿದರು. ಡಾಕ್ಟರು ಕೊಟ್ಟ ಔಷಧಿ ಹಚ್ಚಿ, ಎದೆಗೆ ಇನ್‌ಹೇಲರ್ ಹಿಡಿದ. ಪೂರ್ತಿ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ, ಮಳೆಗಾಲದಲ್ಲಿ ಸ್ವಲ್ಪ ಏಳುತ್ತಿತ್ತು. ಆದರೆ ರಾತ್ರಿ ನಿದ್ದೆ ಬಂತು, ಹಸುಗಳು ಉಳಿದವು.

ಅದಕ್ಕೇ ಎಲ್ಲರ ಮುಂದೆ ಗಟ್ಟಿಯಾಗಿ ಹೇಳುತ್ತಿದ್ದೇನೆ. ಗಿಡದಿಂದ ಬಂದ ನವೆ ಅಂಟು ರೋಗ ಅಲ್ಲ. ಮುಟ್ಟಿದರೆ, ಒಟ್ಟಿಗೆ ಊಟ ಮಾಡಿದರೆ, ಅವರ ಮನೆಯ ಹಾಲು ಕುಡಿದರೆ ಬರುವುದಿಲ್ಲ. ಕುಷ್ಠವೂ ಅಲ್ಲ. ಕುಷ್ಠದ ಮಚ್ಚೆ ಸಾಮಾನ್ಯವಾಗಿ ನವೆಯಾಗುವುದಿಲ್ಲ, ಅಲ್ಲಿ ಸ್ಪರ್ಶವೇ ತಿಳಿಯುವುದಿಲ್ಲ. ಆ ಕುಷ್ಠಕ್ಕೂ ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, ವಾಸಿಯಾಗುತ್ತದೆ. ಹಾಗಿರುವಾಗ ಯಾರನ್ನೂ ದೂರ ಇಡುವ ಮಾತೇ ಇಲ್ಲ.

ಎಲ್ಲ ನವೆಯೂ ಗಿಡದ್ದಲ್ಲ, ಎಲ್ಲ ಕೆಮ್ಮೂ ಅಲರ್ಜಿಯಲ್ಲ

ಇನ್ನು ಎಚ್ಚರಿಕೆಯ ಮಾತು. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ಎರಡು ವಾರ ದಾಟಿದ ಕೆಮ್ಮು ಯಾರದ್ದೇ ಆಗಿರಲಿ, ಕಫ ಪರೀಕ್ಷೆ ಆಗಲೇಬೇಕು. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಒಂದು ದಿನವೂ ತಡ ಮಾಡಬೇಡಿ. ನಮ್ಮ ಭಾಗದಲ್ಲಿ ಒಬ್ಬ ಹೆಣ್ಣುಮಗಳು "ನನಗೆ ಅಲರ್ಜಿ, ಪ್ರತಿ ವರ್ಷ ಬರುತ್ತೆ" ಅಂತ ಮೂರು ತಿಂಗಳು ಕೆಮ್ಮುತ್ತಲೇ ಇದ್ದಳು. ನವೆಯೂ ಇತ್ತು, ನಿಜ. ಕಫದಲ್ಲಿ ಕ್ಷಯ ಸಿಕ್ಕಿತು. ಒಬ್ಬರಿಗೆ ಎರಡೂ ಇರಬಾರದೆಂದು ಎಲ್ಲಿದೆ? ಆರು ತಿಂಗಳು ಮಾತ್ರೆ ತಪ್ಪಿಸದೆ ನುಂಗಿ ಗುಣವಾದಳು. ಕ್ಷಯದ ಪರೀಕ್ಷೆ, ಔಷಧಿ ಸರ್ಕಾರಿ ಕೇಂದ್ರಗಳಲ್ಲಿ ಪೂರ್ತಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ಚಿಕಿತ್ಸೆಯ ಕಾಲದಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಹಣ ಹಾಕುವ ಯೋಜನೆಯೂ 2018ರಲ್ಲಿ ಬಂತು. ಆಗ ತಿಂಗಳಿಗೆ 500 ರೂಪಾಯಿ ಇದ್ದದ್ದನ್ನು 2024ರ ನವೆಂಬರಿನಿಂದ 1,000 ರೂಪಾಯಿ ಮಾಡಿದರು. ವಿವರಕ್ಕೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ನವೆ ರಾತ್ರಿ ಹೊತ್ತು ಹೆಚ್ಚು, ಬೆರಳ ಸಂದಿ, ಸೊಂಟ, ತೊಡೆ ಸಂದಿಯಲ್ಲಿ ಹೆಚ್ಚು, ಮನೆಮಂದಿಗೆಲ್ಲ ಇದೆ ಅಂದರೆ ಅದು ಕಜ್ಜಿ. ಅದು ಸಣ್ಣ ಹುಳದಿಂದ ಬರುವುದು, ಅಂಟುತ್ತದೆ. ಒಬ್ಬರಿಗೆ ಮಾತ್ರ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಂಡು ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಉಂಗುರದ ಹಾಗೆ ಅಂಚು ಎದ್ದು ನಡುವೆ ತಿಳಿಯಾಗಿದ್ದರೆ ಅದು ಹುಳುಕಡ್ಡಿ, ಅದರ ಔಷಧಿ ಬೇರೆ.

ಮಕ್ಕಳಿಗೆ ಜ್ವರ, ಕೆಮ್ಮು, ಕಣ್ಣು ಕೆಂಪು ಬಂದು, ನಂತರ ಮುಖದಿಂದ ಮೈಗೆ ಇಳಿಯುವ ಗಂಧೆ ಎದ್ದರೆ ದಡಾರ ಇರಬಹುದು. ಅಮ್ಮ ಅಂತ ಬೇವಿನ ಸೊಪ್ಪು ಕಟ್ಟಿ ಮನೆಯಲ್ಲೇ ಕೂರಬೇಡಿ, ಆಸ್ಪತ್ರೆಗೆ ತೋರಿಸಿ. ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಇನ್ನೊಂದು, ಎರಡೂ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬೇಡಿ.

ಬಿಪಿಗೆ ಮಾತ್ರೆ ತೆಗೆದುಕೊಳ್ಳುವ ಹಿರಿಯರೂ ಇಲ್ಲಿದ್ದೀರಿ. ಬಿಪಿಯ ಕೆಲವು ಮಾತ್ರೆಗಳಿಂದ ಒಣ ಕೆಮ್ಮು ಬರುವುದುಂಟು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಕೆಮ್ಮಿನ ವಿಷಯ ಡಾಕ್ಟರಿಗೆ ಹೇಳಿ, ಬೇರೆ ಬರೆದುಕೊಡುತ್ತಾರೆ. ಒಲೆಯ ಹೊಗೆ, ರಾಗಿ ಒಕ್ಕುವ ಧೂಳು, ಬೂಷ್ಟು ಹಿಡಿದ ಹುಲ್ಲು, ಇವೂ ಕೆಮ್ಮಿಗೆ ಕಾರಣಗಳೇ.

ತುಟಿ, ನಾಲಗೆ, ಮುಖ ಇದ್ದಕ್ಕಿದ್ದಂತೆ ಊದಿ, ಮೈಯೆಲ್ಲ ಗಂಧೆ ಎದ್ದು, ಉಸಿರು ಕಟ್ಟಿದರೆ ಅದು ತುರ್ತು. ಆಗ ಮನೆಮದ್ದು ಬೇಡ. 108ಕ್ಕೆ ಫೋನ್ ಮಾಡಿ, ಅದು ಬರುವುದು ತಡ ಅನ್ನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಿ.

ಚಿಕಿತ್ಸೆಯಲ್ಲಿ ನಾವು ಮಾಡುವ ತಪ್ಪು

ಮೆಡಿಕಲ್ ಶಾಪಿನ ಟ್ಯೂಬುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಹಚ್ಚಿದ ದಿನವೇ ನವೆ ನಿಲ್ಲುತ್ತದೆ, ಅದಕ್ಕೇ ಜನ ಅದನ್ನು ಮೆಚ್ಚುತ್ತಾರೆ. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪಾಗುತ್ತದೆ, ಹುಳುಕಡ್ಡಿಗೆ ಹಚ್ಚಿದರೆ ಅದು ಮೈಯೆಲ್ಲ ಹರಡುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಅಂಗಡಿಯವರು ಕೊಟ್ಟರೂ ನೀವು ತರಬೇಡಿ. ನವೆ ಮಾತ್ರೆ ನುಂಗಿದರೆ ಕೆಲವರಿಗೆ ತೂಕಡಿಕೆ ಬರುತ್ತದೆ. ಅದನ್ನು ನುಂಗಿ ಟ್ರ್ಯಾಕ್ಟರ್, ಮೋಟಾರ್ ಸೈಕಲ್ ಹತ್ತಬೇಡಿ.

ಇನ್‌ಹೇಲರ್ ಹಿಡಿದರೆ ಅಭ್ಯಾಸವಾಗುತ್ತೆ ಎಂಬ ಹೆದರಿಕೆ ಹಳ್ಳಿಯಲ್ಲಿ ಬಹಳ. ಅದು ತಪ್ಪು ತಿಳಿವಳಿಕೆ. ನುಂಗುವ ಮಾತ್ರೆ ಮೈಯೆಲ್ಲ ಸುತ್ತಿ ಎದೆಗೆ ಹೋಗಬೇಕು, ಇನ್‌ಹೇಲರಿನ ಮದ್ದು ನೇರ ಎದೆಗೆ ಹೋಗುತ್ತದೆ. ಹಾಗಾಗಿ ಸ್ವಲ್ಪ ಮದ್ದು ಸಾಕು.

ಮನೆಯಲ್ಲಿ ಮಾಡಬೇಕಾದ್ದು ಸುಲಭ. ಹೊಲಕ್ಕೆ ತುಂಬು ತೋಳಿನ ಹತ್ತಿ ಅಂಗಿ, ಕತ್ತಿಗೆ ಟವೆಲ್. ಬಂದ ಕೂಡಲೆ ಮೈಕೈ ತೊಳೆದು ಬಟ್ಟೆ ಬದಲಿಸಿ. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸಾಕು. ಸೀಮೆಎಣ್ಣೆ, ಸುಣ್ಣ, ಬ್ಯಾಟರಿ ನೀರು ಇವನ್ನೆಲ್ಲ ಹಚ್ಚಬೇಡಿ. ಬೇಲಿಯ ಮೇಲೆ ಬಟ್ಟೆ ಒಣಗಿಸುವ ರೂಢಿ ಬಿಡಿ, ಹಗ್ಗ ಕಟ್ಟಿ. ಈ ಗಿಡದ ಅಲರ್ಜಿ ಇರುವ ಕೆಲವರಿಗೆ ಅದೇ ಜಾತಿಯ ಸೇವಂತಿಗೆ, ಸೂರ್ಯಕಾಂತಿಯೂ ಆಗುವುದಿಲ್ಲ. ಹೂವು ಕಟ್ಟುವ ತಾಯಂದಿರು ಬೆರಳು ಒಡೆದು ನವೆಯಾಗುತ್ತಿದ್ದರೆ ಇದನ್ನು ನೆನಪಿಡಿ.

ಹಾಲಿಗೂ ಇದಕ್ಕೂ ಏನು ಸಂಬಂಧ?

ಹಾಲಿನ ಸಂಘದಲ್ಲಿ ಈ ಮಾತು ಯಾಕೆ ಅಂತ ಕೆಲವರು ಯೋಚಿಸುತ್ತಿರಬಹುದು. ದನ ಈ ಗಿಡವನ್ನು ಸಾಮಾನ್ಯವಾಗಿ ಮೂಸಿ ಬಿಡುತ್ತದೆ. ಬರಗಾಲದಲ್ಲಿ, ಬೇರೆ ಮೇವು ಇಲ್ಲದಾಗ, ಹಸಿ ಹುಲ್ಲಿನ ಕಟ್ಟಿನಲ್ಲಿ ಬೆರೆತು ಬಂದಾಗ ತಿನ್ನುತ್ತದೆ. ತಿಂದ ದನದ ಹಾಲು ಕಹಿಯಾಗುತ್ತದೆ. ಮೂತಿಗೆ, ಕೆಚ್ಚಲಿಗೆ ಹುಣ್ಣಾಗುವುದೂ ಉಂಟು. ಹೆಚ್ಚು ತಿಂದರೆ ಪ್ರಾಣಕ್ಕೇ ಅಪಾಯ. ಅಲ್ಲದೆ ಗೋಮಾಳದಲ್ಲಿ ಈ ಗಿಡ ಎದ್ದ ಕಡೆ ಹುಲ್ಲು ಏಳುವುದಿಲ್ಲ. ಒಬ್ಬರ ಮನೆಯ ಒಂದು ಲೀಟರ್ ಕಹಿ ಹಾಲು ಕ್ಯಾನಿಗೆ ಬಿದ್ದರೆ ಕ್ಯಾನೆಲ್ಲ ಕಹಿ. ಆಗ ನಷ್ಟ ಯಾರದ್ದು? ಎಲ್ಲರದ್ದು.

ಕಿತ್ತರೂ ಯಾಕೆ ಹೋಗುವುದಿಲ್ಲ?

ಕಾಯ್ದೆ ಇದ್ದೂ ಗಿಡ ಯಾಕೆ ಉಳಿಯಿತು ಅಂದೆನಲ್ಲ, ಅದಕ್ಕೆ ಬರುತ್ತೇನೆ. ನಾನು ನನ್ನ ಬದು ಚೊಕ್ಕಟ ಮಾಡುತ್ತೇನೆ. ಪಕ್ಕದವನ ಬೀಳು ಹೊಲದಿಂದ ಬೀಜ ಹಾರಿ ಬರುತ್ತದೆ. ಅವನು ಕೀಳುತ್ತಾನೆ, ಕೆರೆ ಏರಿಯಿಂದ ಬರುತ್ತದೆ. ಏರಿ, ರಸ್ತೆ ಬದಿ, ಗುಂಡುತೋಪು, ಸ್ಮಶಾನ ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ ಜಾಗದಲ್ಲಿ ಬೆಳೆದ ಗಿಡ ಎಲ್ಲರ ಮನೆಗೂ ಬರುತ್ತದೆ. ರಾಜ ಕೊಳಕ್ಕೆ ಮನೆಗೊಂದು ಚೆಂಬು ಹಾಲು ಹಾಕಿ ಅಂದಾಗ, ಎಲ್ಲರೂ ಹಾಕ್ತಾರೆ, ನಾನೊಬ್ಬ ನೀರು ಹಾಕಿದರೆ ಯಾರಿಗೆ ಗೊತ್ತಾಗುತ್ತೆ ಅಂತ ಊರೆಲ್ಲ ನೀರು ಸುರಿದ ಕಥೆ ನಿಮಗೆ ಗೊತ್ತಿದೆ. ಆ ಕಥೆಯಂತೆ ನಡೆಯದಿರುವುದಕ್ಕೇ ಅಲ್ಲವೇ ನೀವು ಸಂಘ ಕಟ್ಟಿದ್ದು?

ಇಲ್ಲೇ ನಮ್ಮ ನಾಡಿನಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಆರಂಭಿಸಿದರು. ಒಬ್ಬೊಬ್ಬ ರೈತನ ಕೈಯಲ್ಲಿ ತೀರದ ಸಾಲವನ್ನು ಊರು ಸೇರಿ ತೀರಿಸಬಹುದು ಎಂಬುದು ಅದರ ಹುರುಳು. ಈ ಗಿಡವೂ ಅಂಥದ್ದೇ ಸಾಲ. ಒಬ್ಬರ ಕೈಯಲ್ಲಿ ತೀರುವುದಿಲ್ಲ. ಆದ್ದರಿಂದ ಆಡಳಿತ ಮಂಡಳಿಗೆ, ಗ್ರಾಮ ಪಂಚಾಯಿತಿಯವರನ್ನೂ ಸೇರಿಸಿಕೊಂಡು ಮಾಡುವಂತೆ, ಕೆಲವು ಸಲಹೆ ಕೊಡುತ್ತೇನೆ.

ಒಂದು, ಕಾಲ. ಮುಂಗಾರಿನ ಮೊದಲ ಮಳೆ ಬಿದ್ದು ಮೂರು ವಾರದೊಳಗೆ, ನೆಲ ಹಸಿ ಇರುವಾಗ, ಹೂವು ಬಿಡುವ ಮುಂಚೆ, ಬೇರು ಸಮೇತ ಕೀಳಬೇಕು. ಹೂವು ಬಂದ ಮೇಲೆ ಕಿತ್ತರೆ ಪರಾಗವನ್ನು ನಾವೇ ಎಬ್ಬಿಸಿದಂತೆ. ಬೀಜ ಬಂದ ಮೇಲೆ ಕಿತ್ತರೆ ನಾವೇ ಬಿತ್ತನೆ ಮಾಡಿದಂತೆ. ಬರೀ ಮೇಲೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಒಂದು ಸಲ ಸಾಲದು, ಮಳೆಗಾಲದಲ್ಲಿ ಮೂರು ಸಲ ಆಗಬೇಕು. ಜಬಲ್ಪುರದ ಕೇಂದ್ರ ಕಳೆ ಸಂಶೋಧನಾ ನಿರ್ದೇಶನಾಲಯದವರು ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುತ್ತಾರೆ. ಎರಡನೆಯ ಸುತ್ತಿಗೆ ಅದೇ ವಾರ ಇಟ್ಟುಕೊಳ್ಳಬಹುದು.

ಎರಡು, ಜನ. ನವೆ, ಉಬ್ಬಸ ಇರುವವರು ಆ ದಿನ ಹತ್ತಿರ ಬರಬಾರದು, ಅವರು ಕಾಫಿ ತಿಂಡಿ ನೋಡಿಕೊಳ್ಳಲಿ. ಕೀಳುವವರಿಗೆ ಕೈಗವಸು ಸಂಘವೇ ಕೊಡಲಿ. ಇಲ್ಲದಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಬಟ್ಟೆ. ಶ್ರಮದಾನ ಎಂದು ಶಾಲಾ ಮಕ್ಕಳ ಕೈಯಲ್ಲಿ ಈ ಗಿಡ ಕೀಳಿಸಬೇಡಿ. ಇವತ್ತು ಏನೂ ಆಗದ ಮಗುವಿಗೆ ಅಲರ್ಜಿಯ ಗುರುತನ್ನು ನಾವೇ ಹಾಕಿಕೊಟ್ಟಂತೆ ಆದೀತು.

ಮೂರು, ಕಿತ್ತದ್ದನ್ನು ಏನು ಮಾಡುವುದು? ಸುಡಬೇಡಿ, ಹೊಗೆ ಎದೆಗೆ ಕೆಟ್ಟದ್ದು. ಹೂವು ಬಿಡದ ಗಿಡವನ್ನು ಸಗಣಿ, ಮಣ್ಣಿನ ಜೊತೆ ಗುಂಡಿಗೆ ಹಾಕಿ ಮುಚ್ಚಿದರೆ ಒಳ್ಳೆಯ ಗೊಬ್ಬರ. ಬೀಜ ಕಟ್ಟಿದ ಗಿಡವನ್ನು ತಿಪ್ಪೆಗೆ ಎಸೆಯಬೇಡಿ, ಮುಂದಿನ ವರ್ಷ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ಬೆಳೆ ಇಲ್ಲದ ರಸ್ತೆ ಬದಿಗೆ ನೂರು ಲೀಟರ್ ನೀರಿಗೆ 15ರಿಂದ 20 ಕಿಲೋ ಉಪ್ಪು ಕರಗಿಸಿ ಸಿಂಪಡಿಸುವುದುಂಟು. ಅದನ್ನು ಹೊಲಕ್ಕೆ ಹೊಡೆಯಬೇಡಿ, ಮಣ್ಣು ಕೆಡುತ್ತದೆ. ಕಳೆನಾಶಕವಾದರೆ ಕೃಷಿ ಅಧಿಕಾರಿಗಳನ್ನು ಕೇಳಿಯೇ ಹೊಡೆಯಿರಿ, ಹೊಡೆದ ಜಾಗಕ್ಕೆ ದನ ಬಿಡಬೇಡಿ.

ನಾಲ್ಕು, ಕಿತ್ತ ಜಾಗ ಖಾಲಿ ಬಿಡಬೇಡಿ. ತಗಚೆ, ಚೆಂಡು ಹೂವು ಬೀಜ ಎರಚಿ. ಅವು ಒತ್ತಾಗಿ ಎದ್ದರೆ ಇದಕ್ಕೆ ಜಾಗ ಸಿಗುವುದಿಲ್ಲ. ಗೋಮಾಳವಾದರೆ ಮೇವಿನ ಹುಲ್ಲು ಹಾಕಿ.

ಐದು, ಒಂದು ದುಂಬಿ. ಬಿಳಿಚು ಮೈ ಮೇಲೆ ಕಪ್ಪು ಗೆರೆಯ ಸಣ್ಣ ದುಂಬಿ ಮಳೆಗಾಲದಲ್ಲಿ ಈ ಗಿಡದ ಎಲೆಯನ್ನು ಜಾಲರಿ ಮಾಡಿರುವುದನ್ನು ನೀವು ಕಂಡಿರಬಹುದು. ಇದನ್ನು ಮೆಕ್ಸಿಕೋದಿಂದ 1983ರಲ್ಲಿ ತರಿಸಿ, ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿ, 1984ರಲ್ಲಿ ಹೊರಗೆ ಬಿಟ್ಟರು. ಸೂರ್ಯಕಾಂತಿಗೆ ಬೀಳುತ್ತದೆ ಎಂದು 1990ರ ದಶಕದ ಆರಂಭದಲ್ಲಿ ರೈತರಲ್ಲಿ ಆತಂಕವೆದ್ದು ಸರ್ಕಾರ ತಜ್ಞರ ಸಮಿತಿ ನೇಮಿಸಿತ್ತು. ಕೊನೆಗೆ ದುಂಬಿಯಿಂದ ಬೆಳೆಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ತೀರ್ಮಾನವಾಯಿತು. ಇದು ರೈತನ ಬಂಟ. ಇದಕ್ಕೆ ಔಷಧಿ ಹೊಡೆಯಬೇಡಿ. ಆದರೆ ಬೇಸಿಗೆಯಲ್ಲಿ ಇದು ಮಣ್ಣಿನೊಳಗೆ ಮಲಗುತ್ತದೆ, ಎಲ್ಲ ಕೆಲಸವನ್ನೂ ಅದಕ್ಕೇ ಬಿಟ್ಟು ನಾವೂ ಮಲಗುವ ಹಾಗಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಸಂಘದಲ್ಲಿ ಹಾಲು ಹಾಕುವವರ ಪಟ್ಟಿ ಇದೆ. ಪ್ರತಿ ವರ್ಷ ಮಳೆಗಾಲದಲ್ಲಿ ಹಾಲು ಅಳೆಯುವಾಗಲೇ ಎರಡು ಪ್ರಶ್ನೆ ಕೇಳಿ: "ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು ಇದೆಯೇ? ಬಿಡದ ನವೆ ಇದೆಯೇ?" ಇದೆ ಎಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ಪಶು ವೈದ್ಯರನ್ನು ಕರೆಯುವ ನಾವು, ನಮ್ಮ ಮನೆಯ ಮನುಷ್ಯರ ಕೆಮ್ಮಿಗೆ ಮೂರು ತಿಂಗಳು ಕಾಯಬಾರದು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಅಂತಾರೆ. ಈ ಸಂಘ ಹನಿ ಹನಿ ಹಾಲಿನಿಂದಲೇ ಬೆಳೆದದ್ದು. ಮುಂದಿನ ಮುಂಗಾರಿಗೆ ಮನೆಗೊಂದು ಆಳು, ಅರ್ಧ ದಿನ, ಇಷ್ಟು ಕೊಡಿ. ಬೆಳ್ಳಿ ಹಬ್ಬದ ನೆನಪಿಗೆ ಕಟ್ಟಡ, ಕಲ್ಲಿನ ಫಲಕ ಆಗಲಿ, ಸಂತೋಷ. ಅದರ ಜೊತೆಗೆ ಊರಿನ ಕೆರೆ ಏರಿಯ ಮೇಲೆ ಆ ಬಿಳಿ ಹೂವು ಕಾಣದ ಒಂದು ಮಳೆಗಾಲವನ್ನೂ ನೋಡೋಣ.